ಅಳುವ ಸೀನು

ಮೊದಲ ದಿನದ ಮೊದಲ ಆಟ ಬಿಟ್ಟಾಗ ಯೂಟ್ಯೂಬಿನವರು ಥಿಯೇಟರ್ ಬಾಗಿಲಲ್ಲೇ ಮೈಕ್ ಹಿಡಿದು ನಿಂತಿದ್ದರು. ಎಲ್ಲರೂ ಹೀರೋ ತಾಯಿ ಸತ್ತ ಸೀನನ್ನೇ ಹೊಗಳಿದರು. ಸಾಕಮ್ಮ ಮಾತ್ರ, "ಅವನಿಗೆ ಅಳೋಕೇ ಬರಲ್ಲ," ಎಂದಳು.

ಅಭಿಮಾನಿಗಳು ಸುತ್ತುಗಟ್ಟಿದರು. "ಬಾಸ್ ಹೆಣದ ಮೇಲೆ ಬಿದ್ದು ಗೋಳಾಡಿದ್ದು ಕಾಣ್ಲಿಲ್ವಾ? ಮಾತು ವಾಪಸ್ ತಗೊಳ್ಳಿ."

"ತಗೊಳ್ಳಲ್ಲ." ಸಾಕಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಲ್ಲೇ ನಿಂತಳು.

"ನಿಜವಾಗ್ಲೂ ಅತ್ರಂತೆ, ಗ್ಲಿಸರಿನ್ ಕೂಡ ಹಾಕಿಲ್ವಂತೆ. ನೀವೇನು ಶೂಟಿಂಗಲ್ಲಿ ಪಕ್ಕದಲ್ಲಿದ್ರಾ?"

"ಪಕ್ಕದಲ್ಲಲ್ಲಪ್ಪ, ಕೆಳಗಿದ್ದೆ. ತಾಯಿ ಪಾತ್ರದವರು ಚಟ್ಟದ ಮೇಲೆ ಮಲಗೋಕೆ ಒಪ್ಲಿಲ್ಲ ಅಂತ ನನ್ನ ಮುಖಕ್ಕೆ ಬಟ್ಟೆ ಮುಚ್ಚಿ ಮಲಗಿಸಿದ್ರು. ಎಂಟು ಟೇಕ್ ಆದ್ರೂ ನನ್ನ ಮೇಲೆ ಒಂದು ಹನಿ ಬೀಳ್ಲಿಲ್ಲ."