ಹನ್ನೆರಡನೇ ಮಂಚದ ರಕ್ತ

"ಹನ್ನೆರಡನೇ ಮಂಚದ್ದು. ಎಲ್ಲ ಬಿಟ್ಟು ಇದನ್ನ ಮೊದಲು ಹಾಕಮ್ಮ," ಎಂದು ಮೇಲ್ವಿಚಾರಕ ರಕ್ತದ ಟ್ಯೂಬನ್ನು ಅವಳ ಅಂಗೈಯಲ್ಲೇ ಇಟ್ಟ. ಎರಡು ಕಟ್ಟಡ ಆಚೆಯ ಎಚ್‌ಐವಿ ವಾರ್ಡಿನಿಂದ ಬಂದದ್ದಾದರೂ ಗ್ಲೌಸಿನ ಮೇಲೂ ಬೆಚ್ಚಗೆ ತಾಕಿತು.

ಲ್ಯಾಬ್ ಟೆಕ್ನೀಷಿಯನ್ ಆದ ಅವಳಿಗೆ ಆಶ್ಚರ್ಯವಾದದ್ದು ಅವನ ಬರಿಗೈ ಕಂಡು. ಆ ವಾರ್ಡಿನ ಟ್ಯೂಬುಗಳನ್ನು ಅವನು ಇಕ್ಕಳದಿಂದಲೇ ಎತ್ತುವವನು. ಬೆನ್ನ ಹಿಂದೆ ಅವನ ಹೆಸರೂ ಇಕ್ಕಳವೇ. ಕಸ ಗುಡಿಸುವ ಹೆಂಗಸಿಗೆ ಆ ಸೋಂಕಿದೆ ಎಂಬ ಸುಳಿವು ಸಿಕ್ಕ ದಿನವೇ ಲ್ಯಾಬಿನ ಎಲ್ಲರ ಸಹಿ ಹಾಕಿಸಿ ಅವಳನ್ನು ಮನೆಗೆ ಅಟ್ಟಿದ್ದ. ಆ ಕಾಗದದಲ್ಲಿ ಮೂರನೇ ಸಹಿ ಇವಳದು.

ರಕ್ತದ ನಂಜು ಪತ್ತೆಮಾಡುವ ಈ ಪರೀಕ್ಷೆ ಈ ಆಸ್ಪತ್ರೆಯಲ್ಲಿ ಆ ವಾರ್ಡಿನವರಿಗೆ ಮಾತ್ರ. ಅವರ ರಕ್ತಕ್ಕೆ ನಂಜೇರಿದರೆ ಎಷ್ಟೋ ಸಲ ಜ್ವರವೂ ಬಾರದು, ಬಿಳಿಕಣವೂ ಹೆಚ್ಚದು. ಯಂತ್ರ ಮಾತ್ರ ಮೊದಲೇ ಚಾಡಿ ಹೇಳುತ್ತದೆ. ಕೂಡಲೇ ಔಷಧಿ ಬಿದ್ದರೆ ಜೀವ ಉಳಿದೀತು. ತಡವಾದರೆ ಇಲ್ಲ.

ಇಪ್ಪತ್ತು ನಿಮಿಷ ಅವನು ಯಂತ್ರದ ಮುಂದಿನಿಂದ ಕದಲಲಿಲ್ಲ. ಫ್ಯಾನಿನಡಿ ನಿಂತೂ ಕುತ್ತಿಗೆ ಬೆವರುತ್ತಿತ್ತು. ಆಯಿತಾ ಎಂದು ಮೂರು ಸಲ ಕೇಳಿದ. ಕಲ್ಲಿಗೂ ಕರುಳಿದೆಯಲ್ಲ ಎಂದುಕೊಂಡಳು. ಆ ಮಂಚದಲ್ಲಿ ತಮ್ಮನೋ ಭಾವನೋ ಇರಬೇಕು.

"ನಿಮ್ಮ ಪೈಕಿಯವರಾ ಸರ್?"

"ತೀರಾ ಹತ್ತಿರದವರು."

ಎರಡು ದಾಟಿದರೆ ಅಪಾಯ. ಪರದೆಯ ಮೇಲೆ ಮೂವತ್ತೆಂಟು ಮೂಡಿತು.

ಇಂಥ ಅಂಕಿ ಬಂದರೆ ಆ ಕ್ಷಣವೇ ವಾರ್ಡಿಗೆ ಫೋನ್ ಮಾಡಬೇಕೆಂದು ಗೋಡೆಗೆ ಚೀಟಿ ಅಂಟಿಸಿದವನು ಅವನೇ. ಈ ಸಲ ವಾರ್ಡಿಗೆ ತಾನೇ ಹೋಗಿ ಹೇಳುತ್ತೇನೆಂದು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ರಿಸೀವರ್ ಎತ್ತಿಯಾಗಿತ್ತು. ನರ್ಸ್ ಹೇಳಿದ್ದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡು ಕೆಳಗಿಟ್ಟಳು.

"ಹನ್ನೆರಡನೆಯವರು ನಿನ್ನೆ ಸಂಜೆನೇ ತೀರಿಕೊಂಡ್ರಂತೆ ಸರ್. ಮಂಚ ಖಾಲಿಯಂತೆ. ಹಾಗಾದ್ರೆ ಇದು ಯಾರದು? ಹೆಸರು ಹೇಳಿದ್ರೆ ಈಗಲೇ ಔಷಧಿ ಶುರು ಮಾಡ್ತಾರಂತೆ."

ಸುತ್ತ ಕೂತಿದ್ದ ನಾಲ್ವರೂ ಕೆಲಸ ನಿಲ್ಲಿಸಿ ಅವನತ್ತ ತಿರುಗಿದರು. ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ.

"ನಂಬರ್ ತಪ್ಪಾಗಿದೆ. ಎಸೆದುಬಿಡಮ್ಮ," ಎಂದವನು ಮಡಚಿದ್ದ ಅಂಗಿಯ ತೋಳನ್ನು ಬಿಚ್ಚಿ, ಮೊಣಕೈಯ ಮಡಿಕೆಗೆ ಅಂಟಿದ್ದ ಹತ್ತಿಯ ಮೇಲೆ ಮೆಲ್ಲಗೆ ಎಳೆದುಕೊಂಡ.