ಕಿಟಕಿಯಿಲ್ಲದ ಮಹಡಿಗೆ ಒಂದು ಸ್ಟಾರ್

ಕಟ್ಟಡದ ಕರೆಂಟ್ ಬಳಕೆ ನೋಡಿ ಸ್ಟಾರ್ ರೇಟಿಂಗ್ ಕೊಡಲು ಬಂದಾಕೆ, ಮೂರನೇ ಮಹಡಿಯ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನಿಂತುಬಿಟ್ಟಳು. "ಇಲ್ಲಿ ಕಿಟಕಿಗಳಿದ್ವಲ್ವಾ?"

"ಇದ್ವು ಮೇಡಂ," ಯಜಮಾನ ಹಲ್ಲು ಕಿರಿದ. "ಆಗ ಇದು ನಮ್ಮ ಗಾರ್ಮೆಂಟ್ಸ್. ಹೊಲಿಯೋ ಹೆಂಗಸರು ಹೊರಗೆ ನೋಡ್ಕೊಂಡು ಹರಟೆ ಹೊಡೀತಿದ್ರು. ಇಟ್ಟಿಗೆ ಇಟ್ಟು ಮುಚ್ಚಿಸ್ದೆ. ಆಮೇಲೆ ಒಬ್ಬಳೂ ತಲೆ ಎತ್ಲಿಲ್ಲ ನೋಡಿ!"

ಆ ಹೆಂಗಸರಲ್ಲಿ ಒಬ್ಬಳು, ರೇಟಿಂಗ್ ಕೊಡಲು ಬಂದ ಈಕೆಯ ಅಮ್ಮ. ಮಿಣುಕು ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುತ್ತ ಹಾಕುತ್ತಲೇ ಕಣ್ಣು ಕಳೆದುಕೊಂಡವಳು. ಸೂಜಿಗೆ ದಾರ ಪೋಣಿಸಲು ತಡವರಿಸಿದ ದಿನ ಇವನೇ ಅವಳನ್ನು ಕೆಲಸದಿಂದ ಕಿತ್ತುಹಾಕಿದ್ದ.

ಮಗಳು ಒಂದಂಕಿಯನ್ನೂ ತಿರುಚಲಿಲ್ಲ. ಆ ಗೋಡೆಯೇ ಸಾಕಿತ್ತು. "ನಡುಹಗಲಲ್ಲೂ ಎಲ್ಲಾ ದೀಪ ಉರೀಬೇಕು, ಗಾಳಿಗೆ ಎಸಿ ಬಿಟ್ರೆ ಗತಿಯಿಲ್ಲ. ಒಂದೇ ಸ್ಟಾರ್ ಸಾರ್."

ಕಿರಿದ ಹಲ್ಲು ಒಳಗೆ ಹೋಯಿತು. "ಅಯ್ಯೋ, ನಾಲ್ಕಾದ್ರೂ ಇಲ್ದಿದ್ರೆ ಬ್ಯಾಂಕಿನೋರು ಬಾಡಿಗೆಗೆ ಬರಲ್ಲ! ಈಗೇನ್ ಮಾಡ್ಲಿ?"

"ಗೋಡೆ ಒಡೆಸಿ. ಒಡೆಸೋ ದಿನ ಫೋನ್ ಮಾಡಿ, ಅಮ್ಮನ್ನ ಕರ್ಕೊಂಡು ಬರ್ತೀನಿ."

"ನಿಮ್ಮಮ್ಮ ಯಾಕೆ?"

"ಇಲ್ಲೇ ಹೊಲೀತಿದ್ಲು ಸಾರ್. ಈಗ ಕಣ್ಣು ಕಾಣಲ್ಲ. ಸದ್ದಾದ್ರೂ ಕಿವಿ ತುಂಬಾ ಕೇಳ್ಲಿ."