ನಾಲ್ಕು ಗಂಟೆಯ ಜೀಪು

"ಇಳೀರಿ ಅಮ್ಮಾ. ಗಾಡಿ ಸೀಜ್ ಆಗಿದೆ."

ಕಾಶಮ್ಮ ಇಳಿಯಲಿಲ್ಲ. ದುರ್ಗಿಗುಡಿಯ ಓಣಿಯಲ್ಲಿ ತನ್ನ ಹಳೇ ಜೀಪಿನ ಬಾನೆಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಭದ್ರಾವತಿಯಿಂದ ಬಂದಿದ್ದ ಎಸ್‌ಐ ಪರಶುರಾಮ ಆದೇಶವನ್ನು ಎರಡನೇ ಸಲ ಓದಿದ. ಸದರಿ ವಾಹನವನ್ನು ವಶಕ್ಕೆ ಪಡೆದು, ಸಂಜೆ ನಾಲ್ಕರೊಳಗೆ ಜನ್ನಾಪುರದ ಹೊರಠಾಣೆಗೆ ತಂದು ನಿಲ್ಲಿಸತಕ್ಕದ್ದು.

ಕಾರಣ ಗೋಡೆಗೋಡೆಗೂ ಅಂಟಿತ್ತು. ಜನ್ನಾಪುರದ ಓದುವ ಕೋಣೆಗೆ ಬೀಗ ಜಡಿದು, ಒಳಗೆ ಯಾವನೋ ಗುತ್ತಿಗೆದಾರನ ಸಿಮೆಂಟ್ ಮೂಟೆ ಒಟ್ಟಿದ್ದರು. ಸಿಮೆಂಟಿಗೆ ನೆರಳು ಬೇಕು, ಓದುವವರಿಗೆ ಬಿಸಿಲು ಸಾಕು ಅನ್ನುವುದು ಮೇಲಿನವರ ಲೆಕ್ಕ. ಬೀದಿಗೆ ಎಸೆದ ಪುಸ್ತಕಗಳನ್ನು ಹೆಕ್ಕಿ ಮನೆಗೆ ತಂದವಳು ಕಾಶಮ್ಮ. 'ಇಂದು ನಾಲ್ಕಕ್ಕೆ ಪುಸ್ತಕದ ಜೀಪು ಜನ್ನಾಪುರಕ್ಕೆ ಬರುತ್ತದೆ, ತಡೆಯುವವರು ತಡೆಯಲಿ' ಎಂದು ಪೋಸ್ಟರ್ ಅಂಟಿಸಿದವಳೂ ಅವಳೇ. ಹಿಂದೆ ಮೂರು ಸಲ ಹೀಗೇ ಹೇಳಿದ್ದಳು. ಮೂರು ಸಲವೂ ಜೀಪು ಬಂದಿರಲಿಲ್ಲ. ಈ ಸಲವೂ ಬರದಿದ್ದರೆ ಕೋಣೆ ಬಿಡಿಸಿಕೊಡಿ ಅನ್ನೋ ಅರ್ಜಿಯಿಂದ ಸಹಿ ವಾಪಸ್ ತಗೊಳ್ತೀವಿ ಎಂದು ಜನ್ನಾಪುರದ ಹೆಂಗಸರು ಮುಖಕ್ಕೇ ಹೇಳಿದ್ದರು. ಸಹಿ ಹೋದರೆ ಹೋರಾಟವೂ ಹೋಯಿತು, ಕೋಣೆಯೂ ಹೋಯಿತು.

"ಕೀ ಕೊಡಿ."

"ಕಳೆದುಹೋಗಿದೆ."

"ಯಾವಾಗ?"

"ಈಗ ನೀವು ಬಂದ್ರಲ್ಲ, ಆಗ."

ಪರಶುರಾಮ ಹಲ್ಲು ಕಚ್ಚಿದ. ಕ್ರೇನ್ ಸಿಗಲಿಲ್ಲ. ಗಾಂಧಿ ಬಜಾರಿನ ಸಗಟು ವ್ಯಾಪಾರಿಯೊಬ್ಬರ ಟ್ರೇಲರ್ ಸಿಕ್ಕಿತು. ಎಳೆಯಲು ಶಿವರಾಜನ ಬಾಡಿಗೆ ಜೀಪು ಬಂತು.

ಶಿವರಾಜ ಎರಡೂ ಗಾಡಿ ನೋಡಿ ತಲೆ ಕೆರೆದುಕೊಂಡ. "ಸಾರ್, ಎಳೆಯೋದು ದೊಡ್ಡದಿರ್ಬೇಕು. ಇವೆರಡೂ ಒಂದೇ ಸೈಜು. ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಹಿಂದಿಂದು ಮುಂದಿಂದನ್ನ ತಳ್ಕೊಂಡು ಹೋಗುತ್ತೆ."

"ಮೂವತ್ತರ ಮೇಲೆ ಹೋಗ್ಬೇಡ ಮಾರಾಯ, ತಳ್ಳಲ್ಲ," ಎಂದಳು ಕಾಶಮ್ಮ ಬಾನೆಟ್ ಮೇಲಿಂದಲೇ. "ನನ್ನ ಗಾಡಿಗೆ ಒಂದು ಗೀರು ಬೀಳಲಿ, ಇವರ ಮೇಲೇ ಕೇಸ್ ಹಾಕ್ತೀನಿ."

ಮಹಿಳಾ ಪೇದೆ ರಕ್ಷಾ ತೋಳು ಹಿಡಿದು ಇಳಿಸಿದಳು. ಕಾಶಮ್ಮ ಧಿಕ್ಕಾರ ಕೂಗುತ್ತಲೇ ಇಳಿದಳು. ಕೂಗುತ್ತಲೇ ಒಳಗೆ ಕೈ ಹಾಕಿ ಹ್ಯಾಂಡ್‌ಬ್ರೇಕ್ ಸಡಿಲಿಸಿಕೊಟ್ಟಳು.

ನಾಲ್ವರು ತಳ್ಳಿದರು. ಜೀಪು ಹಲಗೆ ಹತ್ತಿ ಟ್ರೇಲರ್ ಮೇಲೆ ಕೂತಿತು. ಶಿವರಾಜ ಟ್ರೇಲರಿನ ಮೂತಿ ಎತ್ತಿ ನೋಡಿದ. ಒಂದೇ ಕೈಗೆ ಎದ್ದಿತು.

"ಭಾರ ಎಲ್ಲ ಹಿಂದಿದೆ. ಹೀಗೇ ಹೊರಟ್ರೆ ಬಾಲ ಅಲ್ಲಾಡ್ಸಿ ನಮ್ಮನ್ನೂ ಮೋರಿಗೆ ಕೆಡವುತ್ತೆ. ಜೀಪಿನ ಮುಂಭಾಗ ಅಲ್ವಾ ಭಾರ ಇರೋದು? ಇದ್ಯಾಕೆ ಹೀಗೆ…"

"ಪುಸ್ತಕ ಹಿಂದಿವೆಯಲ್ಲ," ಕಾಶಮ್ಮ ಮಾತು ಕತ್ತರಿಸಿದಳು. "ಮುಂದಿನ ಸೀಟಿಗೆ ಹಾಕ್ಸಿ ಸಾಹೇಬ್ರೆ. ಪುಸ್ತಕಕ್ಕೆ ತೂಕ ಇರುತ್ತೆ ಅಂತ ಇವತ್ತಾದ್ರೂ ಗೊತ್ತಾಗ್ಲಿ."

ಪೊಲೀಸರ ಕೈಯಲ್ಲಿ ಅಷ್ಟು ಪುಸ್ತಕಗಳನ್ನು ಆ ಓಣಿ ಎಂದೂ ಕಂಡಿರಲಿಲ್ಲ. ಪೇದೆ ಸತೀಶ ಒಂದನ್ನು ತೆರೆದು ನಿಂತೇಬಿಟ್ಟ. "ಆಮೇಲೆ ಓದೋ," ಎಂದ ಪರಶುರಾಮ. ನಾಲ್ಕೂ ಚಕ್ರಕ್ಕೆ ಪಟ್ಟಿ ಬಿಗಿದರು. ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಕತ್ತರಿಯಾಗಿ ಹಾಯಿಸಿದರು. ಕಾಶಮ್ಮ ಒಂದೊಂದನ್ನೂ ಜಗ್ಗಿ ನೋಡಿದಳು. ಆಮೇಲೆ ಹೋಗಿ ಶಿವರಾಜನ ಜೀಪಿನ ಹಿಂದಿನ ಸೀಟಿನಲ್ಲಿ ಕೂತಳು.

"ನೀವ್ಯಾಕೆ?"

"ನನ್ನ ಗಾಡಿ ಹೋದ ಕಡೆ ನಾನು."

ಹೊರಟಾಗ ಮೂರು ದಾಟಿತ್ತು. ಊರು ಬಿಟ್ಟ ಮೇಲೆ ಪರಶುರಾಮ ಗಡಿಯಾರ ನೋಡಿದ. "ಒತ್ತೋ ಶಿವರಾಜ. ನಾಲ್ಕರೊಳಗೆ ಮುಟ್ಟಿಸ್ಬೇಕು."

"ಮುಟ್ಟೋ ಹಾಗೆ ಓಡ್ಸಪ್ಪ," ಎಂದಳು ಕಾಶಮ್ಮ.

ಶಿವರಾಜ ಒತ್ತಿದ. ಐವತ್ತು ಮುಟ್ಟುವಷ್ಟರಲ್ಲಿ ಹಿಂದಿನ ಜೀಪು ಸೊಂಟ ತಿರುಗಿಸತೊಡಗಿತು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮತ್ತಷ್ಟು ಜೋರಾಗಿ.

"ಬ್ರೇಕ್ ಹಾಕು!"

"ಹಾಕ್ಬೇಡ," ಎಂದಳು ಕಾಶಮ್ಮ. "ಕಾಲು ತೆಗಿ. ಸ್ಟೇರಿಂಗ್ ನೆಟ್ಟಗಿರ್ಲಿ."

ಶಿವರಾಜ ಅವಳ ಮಾತು ಕೇಳಿದ. ಕುಣಿತ ತಾನಾಗಿ ತಣ್ಣಗಾಯಿತು. ಆಮೇಲೆ ರಕ್ಷಾ ಕಿಸಕ್ಕನೆ ನಕ್ಕಳು, ಅದು ಸತೀಶನಿಗೆ ಅಂಟಿತು, ಅವನಿಂದ ಶಿವರಾಜನಿಗೆ. ಕೊನೆಗೆ ಪರಶುರಾಮನೂ ಕಣ್ಣೊರೆಸಿಕೊಂಡ. "ಅಮ್ಮಾ, ಸೀಜ್ ಆಗಿರೋದು ನೀವಾ, ನಾವಾ?"

ಮತ್ತೆ ಮೂವತ್ತಕ್ಕೆ ಇಳಿದರು. ಪೊಲೀಸರು ಮುಂದೆ, ಪುಸ್ತಕದ ಜೀಪು ಹಿಂದೆ. ದಾರಿಬದಿಯ ಜನ ಮೆರವಣಿಗೆ ಅಂದುಕೊಂಡು ಕೈ ಬೀಸಿದರು. ಪರಶುರಾಮನೂ ಬೀಸಿದ.

ಜನ್ನಾಪುರ ಮುಟ್ಟಿದಾಗ ನಾಲ್ಕಕ್ಕೆ ಐದು ನಿಮಿಷ ಇತ್ತು. ಓದುವ ಕೋಣೆಗೂ ಹೊರಠಾಣೆಗೂ ನಡುವೆ ಇದ್ದದ್ದು ಒಂದು ರಸ್ತೆ ಮಾತ್ರ. ರಸ್ತೆ ತುಂಬ ಹೆಂಗಸರು. ಎಲ್ಲರ ಮುಂದೆ ಅರ್ಜಿ ಹಿಡಿದು ಉಮಾಮಹೇಶ್ವರಿ ನಿಂತಿದ್ದಳು. ಪರಶುರಾಮ ಜೀಪನ್ನು ಹೊರಠಾಣೆಯ ಹೊಂಗೆ ಮರದಡಿ ಇಳಿಸಿ, ಸೀಮೆಸುಣ್ಣದಲ್ಲಿ ಕೇಸ್ ನಂಬರ್ ಬರೆದು, ಎದೆ ಸೆಟೆಸಿ ತಿರುಗಿದ.

"ಎಲ್ಲರೂ ಕೇಳ್ಕೊಳ್ಳಿ. ಕೇಸ್ ಮುಗಿಯೋವರೆಗೂ ಈ ಗಾಡಿ ಇಲ್ಲಿಂದ ಒಂದಿಂಚೂ ಅಲ್ಲಾಡಲ್ಲ. ಯಾರೂ ಕದಲಿಸೋ ಹಾಗಿಲ್ಲ, ನಾನೂ ಸೇರಿ."

ಹೆಂಗಸರು ಚಪ್ಪಾಳೆ ತಟ್ಟಿದರು. ಅವನಿಗೆ ಅರ್ಥವಾಗಲಿಲ್ಲ.

"ಎಷ್ಟು ವರ್ಷ ಆಗ್ಬಹುದು ಸಾಹೇಬ್ರೆ?" ಕಾಶಮ್ಮ ಕೇಳಿದಳು.

"ಹತ್ತಾದ್ರೂ ಆಗುತ್ತೆ."

"ಬರೆದು ಕೊಡ್ತೀರಾ?"

ಸೀಲು ಹಾಕಿ ಬರೆದುಕೊಟ್ಟ. ಉಮಾಮಹೇಶ್ವರಿ ಅದನ್ನೋದಿ, ಅರ್ಜಿಯನ್ನು ಮಡಿಚಿ ಕಾಶಮ್ಮನ ಕೈಗಿತ್ತಳು. ಒಂದು ಸಹಿಯೂ ಅಳಿದಿರಲಿಲ್ಲ. ಕಾಶಮ್ಮನ ಮುಖದ ನಗು ಕಂಡು ಪರಶುರಾಮನಿಗೆ ಎಲ್ಲೋ ಅನುಮಾನ ಹೊಕ್ಕಿತು.

"ಈಯಮ್ಮ ಕಿಲಾಡಿ. ಕೀ ಇಲ್ಲೇ ಎಲ್ಲೋ ಇಟ್ಕೊಂಡಿರ್ತಾಳೆ, ಕಣ್ಣು ತಪ್ಪಿಸಿ ಓಡಿಸ್ಕೊಂಡು ಹೋದಾಳು. ಸತೀಶ, ಬ್ಯಾಟರಿ ಕಳಚಿಡು."

ಬಾನೆಟ್ ಎತ್ತಿದ ಸತೀಶ ಎತ್ತಿದ ಹಾಗೇ ನಿಂತ: ಒಳಗೆ ಬ್ಯಾಟರಿ ಇರಲಿಲ್ಲ, ಎಂಜಿನ್ನೂ ಇರಲಿಲ್ಲ, ಎರಡು ಹಲಗೆ ಬಡಿದು ಅಂಚಿಗೆ ದುಂಡಗೆ ಬರೆದಿತ್ತು: ಮಕ್ಕಳ ವಿಭಾಗ.